ಕಣದ ಹೊರಗೆ ಬಿದ್ದ ಚೆಂಡು

ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರದ ಕಂಪನಿಯವರು ತಮ್ಮ ಗೆಸ್ಟ್ ಹೌಸಿನ ಹಿಂದೆ ಆರು ಕುಣಿಯ ಒಂದು ಗಾಲ್ಫ್ ಮೈದಾನ ಮಾಡಿಸಿದ್ದರು. ಮೈದಾನವೆಂದರೆ ಹಸಿರೇನೂ ಅಲ್ಲ. ಮಳೆ ನಿಂತ ಎರಡು ತಿಂಗಳಿಗೆ ಹುಲ್ಲೆಲ್ಲ ಒಣಗಿ ಜೋಳದ ಕಣಿಕಿಯ ಬಣ್ಣಕ್ಕೆ ತಿರುಗುತ್ತಿತ್ತು. ಕುಣಿಯ ಸುತ್ತ ಹುಲ್ಲು ಉಳಿಸಲು ನೀರು ಸಾಲದೆಂದು ಜರಡಿ ಹಿಡಿದ ಮಣ್ಣಿಗೆ ಎಣ್ಣೆ ಬೆರೆಸಿ, ದುಂಡಗೆ ಹರಡಿ, ರೋಲರ್ ಎಳೆದು ಗಟ್ಟಿ ಮಾಡಿದ್ದರು. ಸಾಹೇಬರು ಅದಕ್ಕೆ ಬ್ರೌನ್ ಎನ್ನುತ್ತಿದ್ದರು. ಗುಡಿಸಲು ಬರುತ್ತಿದ್ದ ಪುರ್ತಗೇರಿಯ ಹೆಂಗಸರು ಕಣ ಎನ್ನುತ್ತಿದ್ದರು. ರಾಶಿ ಮಾಡುವ ಕಣದಷ್ಟೇ ದುಂಡು, ಅಷ್ಟೇ ನುಣುಪು. ಅದರೊಳಗೆ ಕಾಲಿಡುವಾಗ ಅವರು ಚಪ್ಪಲಿ ಹೊರಗೆ ಬಿಡುತ್ತಿದ್ದರು. ಬಿಡಿರೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಸಿದ್ದರಾಮೇಶನೂ ಪುರ್ತಗೇರಿಯವನೇ. ಕಂಪನಿಯ ಜಮೀನಿನ ಕಾಗದಪತ್ರ ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತು. ಫೆಬ್ರುವರಿಯ ಕೊನೆಯ ಭಾನುವಾರ ಪುಣೆಯಿಂದ ಮೇಲಿನ ಅಧಿಕಾರಿಗಳು ಆಡಲು ಬರುವವರಿದ್ದರು. ನಾಲ್ವರ ಆಟಕ್ಕೆ ಒಬ್ಬ ಕಡಿಮೆ ಬಿದ್ದಾಗ ದೊಡ್ಡ ಸಾಹೇಬರು ಇವನ ಕಡೆ ನೋಡಿ, “ನೀವೇ ಕಲೀರಿ” ಎಂದಿದ್ದರು. ಅವರು ಹಾಗೆ ನೋಡಿದ್ದು ಆರು ವರ್ಷದಲ್ಲಿ ಅದೇ ಮೊದಲು. ಹುಬ್ಬಳ್ಳಿಯಿಂದ ಅಜಯಕುಮಾರ ಎಂಬ ಕೋಚ್ ಮೂರು ಸಲ ಬಂದು, ಗೆಸ್ಟ್ ಹೌಸಿನ ಹಿಂದೆ ಕಟ್ಟಿದ ಬಲೆಗೆ ಚೆಂಡು ಹೊಡೆಸಿ ಹೋಗಿದ್ದ. ನಾಲ್ಕನೆಯ ಪಾಠ ಮೈದಾನದಲ್ಲಿ. ಅದನ್ನು ನೋಡಿ, ಇವನು ಆಟಕ್ಕೆ ಆದಾನೋ ಎಂಬುದಕ್ಕೆ ಕೋಚ್ ಸಾಹೇಬರಿಗೆ ಹೌದು ಅಥವಾ ಇಲ್ಲ ಎಂದು ಹೇಳಬೇಕಿತ್ತು.

ಆ ದಿನ ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಸಿದ್ದರಾಮೇಶನ ತಲೆಯಲ್ಲಿ ಆಟಕ್ಕಿಂತ ಹೆಚ್ಚಾಗಿ ತಿಪ್ಪವ್ವ ಇದ್ದಳು. ಅವಳು ಅವನ ಚಿಗವ್ವ, ತಾಯಿಯ ತಂಗಿ. ತಾಯಿ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ. ಅಂದಿನಿಂದ ನೌಕರಿ ಸೇರುವವರೆಗೆ ಅವನು ಉಂಡದ್ದು ಅವಳ ಕೈಯ ರೊಟ್ಟಿ. ಮೂರು ತಿಂಗಳ ಹಿಂದೆ ಊರಿನ ನಾಲ್ಕು ಹೆಂಗಸರ ಜೊತೆ ಅವಳೂ ಮೈದಾನ ಗುಡಿಸುವ ಕೆಲಸಕ್ಕೆ ಬಂದಳು. ಕಂಪನಿಯ ಟೆಂಪೋದಿಂದ ಅವಳು ಇಳಿದಾಗ ಸಿದ್ದರಾಮೇಶ ಇಬ್ಬರು ಎಂಜಿನಿಯರರ ನಡುವೆ ನಿಂತಿದ್ದ. ಅವಳ ಮುಖ ಅರಳಿತು. ಅವನು ಫೋನು ನೋಡತೊಡಗಿದ.

ಸಂಜೆ ಊರಿಗೆ ಹೋದಾಗ ಅವಳೇ ಮಾತು ತೆಗೆದಳು. “ಕೆಲಸದ ಜಾಗದಾಗ ಬಳಗ ಯಾಕ ಬೇಕಪಾ. ಅಲ್ಲಿ ನೀ ನನ್ನ ಮಾತಾಡಸಬ್ಯಾಡ, ನಾನೂ ಮಾತಾಡ್ಸಂಗಿಲ್ಲ.”

“ಹಂಗೇನಿಲ್ಲ ಚಿಗವ್ವಾ,” ಎಂದ. ಆದರೆ ಎದೆಯ ಮೇಲಿನ ಭಾರ ಇಳಿದದ್ದು ಅವನಿಗೆ ಗೊತ್ತಾಯಿತು. ಅಂದಿನಿಂದ ಹಾಗೆಯೇ ನಡೆದುಬಂದಿತ್ತು.

ಎಂಟು ಗಂಟೆಗೆ ಅಜಯಕುಮಾರ ಬಂದ. ಮೈದಾನದ ಮೇಸ್ತ್ರಿ ಹನುಮಂತಪ್ಪ ಕೋಲುಗಳ ಚೀಲ ಹೆಗಲಿಗೇರಿಸಿಕೊಂಡ.

“ಇವತ್ತ ನಿಮ್ಮ ಕೈ ತಿದ್ದಾಂವ ಅಲ್ರಿ ನಾ,” ಎಂದ ಅಜಯಕುಮಾರ. “ಸುಮ್ನ ಜೋಡಿ ನಡಿತೀನಿ. ನೀವು ನಾ ಇಲ್ಲದಾಗ ಹ್ಯಾಂಗ ಆಡ್ತೀರಿ ಹಂಗ ಆಡ್ರಿ. ಹೊಡಿಯೂಕ ಮೊದಲ ಏನ ವಿಚಾರ ಮಾಡಿದ್ರಿ, ಅಷ್ಟು ಹೇಳ್ರಿ ಸಾಕು.”

ಸಿದ್ದರಾಮೇಶ ಎಲ್ಲಕ್ಕಿಂತ ಉದ್ದನೆಯ ಕೋಲು ಎಳೆದ.

“ಅದ ಯಾಕ?”

“ಎಲ್ಲಾರೂ ಅದನ್ನ ತಗೋತಾರಲ್ರಿ.”

“ಎಲ್ಲಾರೂ ಎಲ್ಲಿದಾರ ಇಲ್ಲಿ? ನಾ ಒಬ್ಬಾಂವ, ಹನುಮಂತಪ್ಪ ಒಬ್ಬಾಂವ.”

ಹನುಮಂತಪ್ಪ ನಕ್ಕ. “ನನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ ಸರ್, ನಾ ಹೇರು ಹೊರೂ ಕತ್ತಿ.”

ಸಿದ್ದರಾಮೇಶ ಅದೇ ಕೋಲಿನಿಂದ ಹೊಡೆದ. ಚೆಂಡು ಬಲಕ್ಕೆ ಸಿಡಿದು ಜಾಲಿಯ ಕಂಟಿಯಲ್ಲಿ ಬಿತ್ತು. ಅಜಯಕುಮಾರ ಬೈಯಲಿಲ್ಲ. ಕಂಟಿಯವರೆಗೆ ನಡೆದು, ಚೆಂಡು ಹೇಗೆ ಬಿದ್ದಿದೆಯೋ ಹಾಗೆಯೇ ಅದನ್ನು ಹೊಡೆಯಬೇಕೆಂದೂ, ಮುಳ್ಳಿನಿಂದ ನೇರ ಕುಣಿಗೆ ಹೊಡೆಯುವ ಆಸೆ ಬಿಟ್ಟು ಮೊದಲು ಬಯಲಿಗೆ ತರುವುದೇ ಜಾಣತನವೆಂದೂ ಹೇಳಿದ. ಎರಡನೆಯ ಕುಣಿಗೆ ಸಿದ್ದರಾಮೇಶ ಸಣ್ಣ ಕೋಲು ಹಿಡಿದ. ಮೂರನೆಯದಕ್ಕೆ ಚೆಂಡು ನೆಟ್ಟಗೆ ಹೋಯಿತು. ನಾಲ್ಕನೆಯದು ಮುಗಿದಾಗ ಅಜಯಕುಮಾರ ಚೀಟಿಯಲ್ಲಿ ಬರೆದುಕೊಳ್ಳುತ್ತ, “ಹಿಂಗ ಆಡಿದ್ರ ಐತವಾರದ ಆಟಕ್ಕ ಅಡ್ಡಿಯಿಲ್ಲ,” ಎಂದ. ಸಿದ್ದರಾಮೇಶನ ಹೆಜ್ಜೆ ಹಗುರಾಯಿತು.

ಐದನೆಯ ಕುಣಿ ದಿಬ್ಬದ ಆಚೆ. ಹೊಡೆಯುವ ಜಾಗದಿಂದ ಬಾವುಟದ ತುದಿ ಮಾತ್ರ ಕಾಣುತ್ತದೆ. ಚೆಂಡು ಬಾವುಟವನ್ನು ದಾಟಿ ಹೋದದ್ದನ್ನು ಮೂವರೂ ಕಂಡರು. ಕಲ್ಲಿಗೆ ಬಡಿದ ಸದ್ದೂ ಕೇಳಿತು.

“ದಾಟಿತು,” ಎಂದ ಅಜಯಕುಮಾರ. “ಅಡ್ಡಿಯಿಲ್ಲ. ಕಲ್ಲಾಗಿಂದ ಹ್ಯಾಂಗ ತಗೀಬೇಕು, ಅದನ್ನ ಕಲಿಯೋಣು.”

ದಿಬ್ಬ ಹತ್ತಿ ನೋಡಿದರೆ ಚೆಂಡು ಕಣದ ದುಂಡಿನೊಳಗಿತ್ತು, ಕುಣಿಯಿಂದ ಎರಡು ಗೇಣು ದೂರ. ಅಂಚಿನಲ್ಲಿ ಒಂದು ಜೊತೆ ಹರಕು ಚಪ್ಪಲಿ. ಅತ್ತ ಕಡೆ ತಿಪ್ಪವ್ವ ಬೆನ್ನು ಬಾಗಿಸಿ ಕಸಬರಿಗೆ ಎಳೆಯುತ್ತಿದ್ದಳು.

ನೋಡಿದ ಕೂಡಲೇ ಸಿದ್ದರಾಮೇಶನಿಗೆ ತಿಳಿಯಿತು. ರಾಶಿಯ ದಿನಗಳಲ್ಲಿ ಕಣದಿಂದ ಹೊರಗೆ ಸಿಡಿದ ತೆನೆಯನ್ನು ಅವಳು ಹೊರಗೇ ಬಿಟ್ಟವಳಲ್ಲ. ಒಂದೊಂದನ್ನೂ ಆರಿಸಿ ಒಳಗೆ ಹಾಕುವ ಕೆಲಸವನ್ನು ಅವನಿಗೂ ಹಚ್ಚುತ್ತಿದ್ದಳು. ಇದು ಆಟದ ಚೆಂಡು, ಇದನ್ನು ಮುಟ್ಟಬಾರದು ಎಂದು ಅವಳಿಗೆ ಹೇಳಿದವರು ಯಾರು? ಈ ಮೂರು ತಿಂಗಳಲ್ಲಿ ಅವನೂ ಹೇಳಿರಲಿಲ್ಲ.

“ಕಲ್ಲಿಗೆ ಬಡದು ಹೊಳ್ಳಿ ಬಂದಿರಬೇಕ್ರಿ,” ಎಂದ.

ಅಜಯಕುಮಾರ ಚೆಂಡನ್ನೊಮ್ಮೆ, ಅವನನ್ನೊಮ್ಮೆ ನೋಡಿದ. “ಬಂದಿದ್ರ ನಿಮ್ಮ ದೈವ. ಹಾಕ್ರಿ.”

ಸಿದ್ದರಾಮೇಶ ಬೂಟುಗಾಲಲ್ಲಿ ಒಳಗೆ ಹೋಗಿ ಮೆಲ್ಲಗೆ ತಟ್ಟಿದ. ಚೆಂಡು ಕುಣಿಯೊಳಗಿಳಿಯಿತು. ಅಜಯಕುಮಾರ ಚೀಟಿ ತೆಗೆದು ಪೆನ್ನು ಹಿಡಿದನಾದರೂ ಬರೆಯಲಿಲ್ಲ. ಹನುಮಂತಪ್ಪನೇ ಕೂಗಿದ. “ಏ ತಿಪ್ಪವ್ವಾ, ಈ ಚೆಂಡೇನರ ಮುಟ್ಟಿದೇನ?”

“ಹೂಂನ್ರಿ ಮೇಸ್ತ್ರಿ,” ಎಂದಳು, ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತ. “ಹೊರಗ ಕಲ್ಲಾಗ ಬಿದ್ದಿತ್ತು. ಒಳಗ ಹಾಕೀನಿ.”

“ಯಾರ ಹೇಳಿದ್ರು ನಿನಗ?”

“ಯಾರ ಯಾಕ ಹೇಳಬೇಕ್ರಿ? ಕಣದ ಹೊರಗ ಬಿದ್ದಿದ್ದನ್ನ ಹಂಗ ಬಿಡೂದು ಹ್ಯಾಂಗ?”

ಹನುಮಂತಪ್ಪ ಹಣೆ ಬಡಿದುಕೊಂಡ. ಅಜಯಕುಮಾರನಿಗೆ ನಗು ಬಂತು. “ಇರ್ಲಿ ಬಿಡ್ರಿ. ಹೊರಗಿನವರು ಚೆಂಡ ಸರಸಿದ್ರ ಆಡಾವ್ರಿಗೆ ದಂಡಿಲ್ಲ. ಇದ್ದ ಜಾಗಕ್ಕ ಇಟ್ಟು ಹೊಡದ್ರ ಮುಗೀತು.” ಆಮೇಲೆ ಸಿದ್ದರಾಮೇಶನ ಕಡೆ ತಿರುಗಿದ. “ಚೆಂಡ ಒಳಗ ಹಾಕಾಕ ನೀವ ನಿಲ್ಲಿಸಿದಾಕಿ ಅಲ್ಲಲ್ಲ?”

ದಂಡವಿಲ್ಲ ಎಂಬ ಮಾತು ಸಿದ್ದರಾಮೇಶನ ಕಿವಿಯಲ್ಲಿ ಉಳಿಯಿತು. ಮೊದಲೇ ನಿಜ ಹೇಳಿದ್ದರೆ ಏನೂ ಹೋಗುತ್ತಿರಲಿಲ್ಲ. ಅಷ್ಟರಲ್ಲಿ ಹನುಮಂತಪ್ಪ, “ಈಕೀನೂ ಪುರ್ತಗೇರಿ, ಸಾಹೇಬ್ರೂ ಪುರ್ತಗೇರಿ. ಪರಿಚಯ ಏನ್ರಿ?” ಎಂದು ಕೇಳಿದ. ಕೇಳಿದ್ದರಲ್ಲಿ ಚೇಷ್ಟೆ ಇತ್ತು, ಕೆಟ್ಟದ್ದು ಇರಲಿಲ್ಲ.

“ಗುರುತಿಲ್ಲ,” ಎಂದ ಸಿದ್ದರಾಮೇಶ.

ಅಂದದ್ದು ಸಣ್ಣ ದನಿಯಲ್ಲಿ. ಆದರೆ ಗುಡ್ಡದ ಮೇಲೆ ಅಂದು ಗಾಳಿ ಬಿದ್ದಿತ್ತು, ಯಂತ್ರದ ರೆಕ್ಕೆಗಳೂ ನಿಂತಿದ್ದವು. ತಿಪ್ಪವ್ವ ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು.

“ಊರ ಒಂದ ಆದ್ರ ಎಲ್ಲಾರ ಗುರುತು ಎಲ್ಲಾರಿಗೂ ಇರ್ತೈತೇನ್ರಿ ಮೇಸ್ತ್ರಿ,” ಎಂದಳು. “ಅವರದು ಮ್ಯಾಲಿನ ಓಣಿ, ನಮ್ಮದು ಕೆಳಗಿನ ಓಣಿ.”

ಅವರ ಮನೆ ಕೆಳಗಿನ ಓಣಿಯಲ್ಲಿಯೇ ಇತ್ತು. ಇಬ್ಬರಿಗೂ ಅದೊಂದೇ ಮನೆ.

“ಎಲ್ಲಿತ್ತು, ತೋರಸ ಯವ್ವಾ,” ಎಂದ ಅಜಯಕುಮಾರ. ಅವಳು ಬರಿಗಾಲಲ್ಲೇ ಕಲ್ಲುಗಳ ನಡುವೆ ಹೋಗಿ, ಕುಕ್ಕರಗಾಲಲ್ಲಿ ಕೂತು, ಒಂದು ಸಂದಿಯಲ್ಲಿ ಬೆರಳಿಟ್ಟಳು. “ಇಲ್ಲೆ ಇತ್ರಿ ಸಾಹೇಬ್ರ.”

ಅಂದದ್ದು ಸಿದ್ದರಾಮೇಶನ ಕಡೆ ತಿರುಗಿ; ಆ ಬಾಯಿಂದ ಅವನಿಗೆ ಸಾಹೇಬ್ರ ಎಂಬ ಮಾತು ಬಂದದ್ದು ಮೊದಲ ಸಲ. ಸಿದ್ದರಾಮೇಶ ಅವಳ ಬೆರಳಿದ್ದ ಕಡೆಗೆ ಚೆಂಡಿಟ್ಟ. ತಲೆ ಎತ್ತಲಿಲ್ಲ. ಅವಳ ಕಾಲಿನ ಬಿರುಕುಗಳು ಮಾತ್ರ ಕಂಡವು. ಅವನು ಹೊಡೆಯಲು ಅವಳು ಹಿಂದೆ ಸರಿದು ದಾರಿ ಬಿಟ್ಟಳು. ಎರಡು ಸಲ ಕೋಲು ಕಲ್ಲಿಗೆ ತಾಗಿತು. ಮೂರನೆಯ ಸಲ ಚೆಂಡು ದುಂಡಿನ ಅಂಚಿಗೆ ಬಂತು. ಕುಣಿ ಮುಟ್ಟಲು ಇನ್ನೆರಡು.

ಬೂಟಿನ ಗುರುತುಗಳು ಮಣ್ಣಿನ ತುಂಬ ಬಿದ್ದಿದ್ದವು. ಅಜಯಕುಮಾರ ಅಂಚಿನಲ್ಲಿದ್ದ, ಮಣ್ಣು ಸಮ ಮಾಡುವ ಹಿಡಿಕೆಯ ಹಲಗೆಯನ್ನು ಅವನ ಕಡೆ ಚಾಚಿ, “ನಮ್ಮ ಹೆಜ್ಜಿ ನಾವ ಅಳಸಿ ಹೋಗಬೇಕ್ರಿ. ಇದೂ ಪಾಠದಾಗಿಂದ,” ಎಂದ. ಸಿದ್ದರಾಮೇಶ ಕೈ ಚಾಚುವ ಮೊದಲೇ ತಿಪ್ಪವ್ವ ಅದನ್ನು ತೆಗೆದುಕೊಂಡಳು. “ಇದಕ್ಕ ಅಂತನ ನಮ್ಮನ್ನ ಇಟ್ಟಾರಲ್ರಿ,” ಎಂದು ಹಿಂದೆ ಸರಿಯುತ್ತ ಎಳೆಯತೊಡಗಿದಳು.

ಆರನೆಯ ಕುಣಿಗೆ ನಡೆಯುವಾಗ ಹನುಮಂತಪ್ಪ ಹೇಳಿದ. “ಪುಣೆ ಸಾಹೇಬ್ರು ಬಂದಾಗ ಈ ಮುದುಕಿ ಹಿಂಗ ಮಾಡಿದ್ರ ನನ್ನ ಮಾನ ಹೋಗತೈತಿ. ನಾಳಿಂದ ಬರಬ್ಯಾಡ ಅಂತೀನ್ರಿ.”

“ಒಂದ ಮಾತ ತಿಳಿಸಿ ಹೇಳಿದ್ರ ಸಾಕಲ್ಲೋ,” ಎಂದ ಅಜಯಕುಮಾರ.

“ಎಷ್ಟ ಮಂದಿಗೆ ಹೇಳ್ಲಿ ಸರ್.”

ಸಿದ್ದರಾಮೇಶ ಬಾಯಿ ತೆರೆದ. ಈಗ ಬೇಡ ಅಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಹೇಳಿದರೆ, ಆಗ ಗುರುತಿಲ್ಲ ಎಂದದ್ದು ಏನು ಎಂದು ಕೇಳುತ್ತಾರೆ. ಬಾಯಿ ಮುಚ್ಚಿಕೊಂಡು ಆರನೆಯದನ್ನೂ ಆಡಿ ಮುಗಿಸಿದ. ಹೇಗೆ ಆಡಿದನೆಂದು ನೆನಪಿರಲಿಲ್ಲ.

ಗೆಸ್ಟ್ ಹೌಸಿನ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ ಅಜಯಕುಮಾರ ಚೀಟಿ ಮಡಚಿದ. “ಸಾಹೇಬ್ರಿಗೆ ಹೌದು ಅಂತೀನ್ರಿ. ಕೈ ಚಲೋ ಕುಂತೈತಿ. ಮೈದಾನದ ಪಾಠ ಯಾಕ ಇಡ್ತೀವಂದ್ರ, ಬಲೆಗೆ ಹೊಡೀವಾಗ ಎಲ್ಲಾರೂ ಚಲೋನ. ಇಲ್ಲಿ ಮನಿಷ್ಯಾ ಕಾಣ್ತಾನ.” ಚೀಟಿ ಜೇಬಿಗಿಟ್ಟು, “ಹೊಳ್ಳಿ ಬಂದಿರಬೇಕು ಅಂದ್ರಲ್ಲ, ಅದೊಂದ ಬಿಡ್ರಿ ಮುಂದ,” ಎಂದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ಅದನ್ನು ಕೋಲು ಹಿಡಿಯುವ ತಪ್ಪು ಹೇಳಿದಷ್ಟೇ ಸಹಜವಾಗಿ ಹೇಳಿ ತನ್ನ ಕಾರಿನ ಕಡೆ ನಡೆದ. ಬೇಕಾದದ್ದು ಸಿಕ್ಕಿತ್ತು. ಸಿದ್ದರಾಮೇಶ ಉಳಿದ ಚಹಾವನ್ನು ಕಟ್ಟೆಯ ಕೆಳಗೆ ಚೆಲ್ಲಿದ.

ನಾಲ್ಕು ಗಂಟೆಗೆ ಹೆಂಗಸರ ಟೆಂಪೋ ಗೇಟಿನ ಹತ್ತಿರ ನಿಂತಿತ್ತು. ಹನುಮಂತಪ್ಪ ತಿಪ್ಪವ್ವನಿಗೆ ಹೇಳಬೇಕಾದದ್ದನ್ನು ಹೇಳಿ ಮುಗಿಸಿದ್ದ. ಅವಳು ಬುತ್ತಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನ ಮೇಲೆ ಕೂತಿದ್ದಳು. ಸಿದ್ದರಾಮೇಶ ಆಫೀಸಿನಿಂದ ಇಳಿದು ಬಂದ. ಅಂಗಳದಲ್ಲಿ ಇಬ್ಬರು ಎಂಜಿನಿಯರರು ನಿಂತಿದ್ದರು. ಅವರನ್ನು ದಾಟಿ ಟೆಂಪೋದ ಹಿಂಬದಿಗೆ ಹೋದ.

“ಚಿಗವ್ವಾ,” ಎಂದ, ಎಲ್ಲರಿಗೂ ಕೇಳುವಂತೆ. “ಇಳಿ. ನಾ ಗಾಡಿ ಮ್ಯಾಲ ಬಿಡ್ತೀನಿ.”

ಹೆಂಗಸರೆಲ್ಲ ತಿರುಗಿ ನೋಡಿದರು. ಊರವರು, ಅವರಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಮೂರು ತಿಂಗಳು ಅವಳ ಸಲುವಾಗಿ ಸುಮ್ಮನಿದ್ದವರು. ತಿಪ್ಪವ್ವ ಮೊದಲು ಹನುಮಂತಪ್ಪನನ್ನು ನೋಡಿದಳು, ಆಮೇಲೆ ಅಂಗಳದ ಎಂಜಿನಿಯರರನ್ನು. ಮುಖದಲ್ಲಿ ಸಿಟ್ಟಿರಲಿಲ್ಲ. ಮಗು ಎಲ್ಲರೆದುರು ಬಟ್ಟೆ ಕಳಚಿದರೆ ಲಗೂ ಮುಚ್ಚಲು ನೋಡುವವಳ ಗಾಬರಿ ಇತ್ತು.

“ಬ್ಯಾಡ್ರಿ ಸಾಹೇಬ್ರ,” ಎಂದಳು. “ಟೆಂಪೋ ಐತಲ್ರಿ. ನೀವ್ಯಾಕ ತ್ರಾಸ ತಗೋತೀರಿ.” ಟೆಂಪೋದ ತಗಡು ಬಡಿದು ಡ್ರೈವರನನ್ನು ಕೂಗಿದಳು. “ನಡಿಯೋ ಹೊಳಿಯಪ್ಪಾ, ಹೊತ್ತಾತು.”

ಟೆಂಪೋ ಇಳಿಜಾರಿನಲ್ಲಿ ಇಳಿದು ಹೋಯಿತು. ಹನುಮಂತಪ್ಪ ಹೆಗಲ ಟವೆಲನ್ನು ಕೈಗೆ ತೆಗೆದುಕೊಂಡು ಮಡಚುತ್ತ ನಿಂತಿದ್ದ.

“ಚಿಗವ್ವ ಅಂದ್ರಲ್ರಿ.”

“ಹೌದು. ನಮ್ಮವ್ವನ ತಂಗಿ. ನನ್ನ ಸಾಕಿದಾಕಿ.”

ಹನುಮಂತಪ್ಪ ಟವೆಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡ. “ಅಲ್ಲೇ ಒಂದ ಮಾತ ಹೇಳಿದ್ರ ನಾ ಬಾಯಿ ತಗೀತಿದ್ದಿಲ್ರಿ,” ಎಂದ. ಮತ್ತೆ, “ನಾಳಿ ಬರಾಕ ಹೇಳ್ಲೇನ್ರಿ?” ಎಂದು ಕೇಳಿದ.

ಹೇಳು ಅಂದರೆ ಅವಳು ಮತ್ತೆ ಬಂದು ತನ್ನ ಬೂಟಿನ ಗುರುತು ಅಳಿಸಬೇಕು. ಬೇಡ ಅಂದರೆ ಅವಳ ಕೆಲಸ ತಾನೇ ಕಳೆದಂತೆ.

“ಆಕೀನ್ನ ಕೇಳಬೇಕು,” ಎಂದ ಸಿದ್ದರಾಮೇಶ.

“ಹಂಗಾದ್ರ ಹೋಗಿ ಕೇಳ್ರಿ. ಪುರ್ತಗೇರಿ ಏನ ದೂರಿಲ್ಲ.”

ಸಿದ್ದರಾಮೇಶ ಜೇಬಿನಿಂದ ಗಾಡಿಯ ಕೀಲಿ ತೆಗೆದ. ಟೆಂಪೋ ಗುಡ್ಡದ ಕೆಳಗಿನ ತಿರುವು ದಾಟಿ ಊರಿನ ದಾರಿ ಹಿಡಿದದ್ದು ಅಲ್ಲಿಂದಲೇ ಕಾಣುತ್ತಿತ್ತು. ಅದಕ್ಕಿಂತ ಮೊದಲು ಊರು ಮುಟ್ಟುವುದು ಅವನಿಗೆ ಕಷ್ಟವೇನೂ ಇರಲಿಲ್ಲ. ಆದರೂ ಅದು ಪೂರ್ತಿ ಮರೆಯಾಗುವವರೆಗೆ ಗಾಡಿ ಏರಲಿಲ್ಲ.