ಮೈದುನ ಬರೆದ ಪರೀಕ್ಷೆ

ವೆಲ್ಡಾ ಕ್ರ್ಯಾಂಡಲ್‌ಗೆ ಮೊದಲು ಹೇಸಿಗೆ ಹುಟ್ಟಿಸಿದ್ದು ಆ ಗೊಂಬೆ. ರಸ್ತೆ ರಿಪೇರಿಯ ಜಾಗದಲ್ಲಿ ಇಡುತ್ತಾರಲ್ಲ, ಕಿತ್ತಳೆ ಬಣ್ಣದ ಮೊನಚು ಟೋಪಿಯಂಥದ್ದು, ಅದಕ್ಕೆ ಎರಡು ಕಣ್ಣು, ಎರಡು ಕೈ, ಕಿವಿಯವರೆಗೆ ಹರಿದ ಬಾಯಿ ಅಂಟಿಸಿ ಲ್ಯಾಪ್‌ಟಾಪಿನ ಪರದೆಯ ಮೂಲೆಯಲ್ಲಿ ಕುಣಿಯಲು ಬಿಟ್ಟಿದ್ದರು. ಪುಟಕ್ಕೊಂದು ಜೋಕು ಹೇಳಿ ತಾನೇ ನಗುತ್ತಿತ್ತು. ಓದಿ ಮುಗಿಸಿದರೂ ಮುಂದಿನ ಪುಟಕ್ಕೆ ಹೋಗುವ ಹಾಗಿರಲಿಲ್ಲ; ಮೇಲಿದ್ದ ಗಡಿಯಾರ ನಾಲ್ಕು ನಿಮಿಷವನ್ನು ಒಂದೊಂದೇ ಸೆಕೆಂಡಾಗಿ ಎಣಿಸಿ ಮುಗಿಸುವವರೆಗೆ ಆ ಹಲ್ಲುಕಿರಿಯುವ ಮುಖವನ್ನೇ ನೋಡುತ್ತಾ ಕೂರಬೇಕು. ಅರವತ್ತೊಂದು ವರ್ಷದ ಹೆಂಗಸಿಗೆ, ಅದರಲ್ಲಿ ನಲವತ್ತೈದು ವರ್ಷ ಗಾಡಿ ಓಡಿಸಿದವಳಿಗೆ, ಕೆಂಪು ದೀಪ ಅಂದರೇನು ಅಂತ ಹಾಡು ಹೇಳಿಕೊಡುವ ಶಾಲೆ ಅದು. ಥೂ!

ಇಷ್ಟಕ್ಕೂ ಅವಳು ಮಾಡಿದ ತಪ್ಪೇನು? ಎಲ್ಮ್ ಬೀದಿಯ ಮೂಲೆಯಲ್ಲಿ ‘ನಿಲ್ಲಿ’ ಅನ್ನುವ ಕೆಂಪು ಫಲಕದ ಮುಂದೆ ಪೂರ್ತಿ ನಿಲ್ಲಲಿಲ್ಲ. ನಿಧಾನ ಮಾಡಿದಳು, ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಗಾಲಿ ಮಾತ್ರ ಉರುಳುತ್ತಲೇ ಇತ್ತು. ಆ ಊರಿನಲ್ಲಿ ಪಾದ್ರಿಯಿಂದ ಹಿಡಿದು ಪೋಸ್ಟಿನವನವರೆಗೆ ಎಲ್ಲರೂ ದಾಟುವುದು ಹಾಗೆಯೇ. ಆವತ್ತು ಪೊದೆಯ ಹಿಂದೆ ಪೊಲೀಸಿನವನು ಮೋಟಾರ್‌ಸೈಕಲ್ಲಿನ ಮೇಲೆ ಕೂತಿದ್ದ.

ಇನ್ನೊಂದು ವಿಷಯ ಹೇಳಿದರೆ ನಗುತ್ತೀರಿ. ಆ ಫಲಕ ಅಲ್ಲಿಗೆ ಬಂದದ್ದೇ ಅವಳಿಂದ. ಹಿಂದಿನ ವರ್ಷ ಅದೇ ಮೂಲೆಯಲ್ಲಿ ಟೈರ್ ಅಂಗಡಿಯ ಕರ್ಟ್ ತನ್ನ ಪಿಕಪ್ಪನ್ನು ಇಮೋಜೆನ್ ಅಜ್ಜಿಗೆ ಗುದ್ದಿ ಸೊಂಟ ಮುರಿದಿದ್ದ. ವೆಲ್ಡಾ ಮನೆಮನೆ ಅಲೆದು ನಲವತ್ತೆರಡು ಸಹಿ ಹಾಕಿಸಿ, ನಗರಸಭೆಯಲ್ಲಿ ಎದ್ದು ನಿಂತು, “ಬರೀ ಹಲಗೆ ನೆಟ್ರೆ ಸಾಲದು ಸ್ವಾಮಿ, ಪಕ್ಕದಲ್ಲಿ ಒಬ್ಬ ಪೊಲೀಸ್‌ನೂ ಕೂರಿಸಿ” ಎಂದು ಮೇಜು ಗುದ್ದಿದ್ದಳು. ಕೂರಿಸಿದರು. ಮೊದಲ ವಾರವೇ ಸಿಕ್ಕಿಬಿದ್ದವಳು ಇವಳು.

ದಂಡ ಕಟ್ಟಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಆಗ ಲೈಸೆನ್ಸಿನ ದಾಖಲೆಯಲ್ಲಿ ಒಂದು ಪಾಯಿಂಟ್, ಅಂದರೆ ಕಪ್ಪುಚುಕ್ಕೆ, ಬೀಳುತ್ತಿತ್ತು. ವೆಲ್ಡಾ ಚರ್ಚಿನ ವ್ಯಾನು ಓಡಿಸುವವಳು. ಸೋಮವಾರ, ಬುಧವಾರ, ಶುಕ್ರವಾರ ಆರು ಜನ ವಯಸ್ಸಾದವರನ್ನು ಡಯಾಲಿಸಿಸ್‌ಗೆ ಕರೆದೊಯ್ದು ವಾಪಸು ತರುತ್ತಿದ್ದಳು. ಇಮೋಜೆನ್ ಕೂಡ ಆ ಆರರಲ್ಲಿ ಒಬ್ಬಳು. ಪಾಯಿಂಟ್ ಇದ್ದವರ ಕೈಗೆ ಕೀಲಿ ಕೊಡಕೂಡದೆಂದು ವಿಮೆಯವರ ಕಟ್ಟಪ್ಪಣೆ. ಗಂಡ ಹೋದ ಮೇಲೆ ಬೆಳಿಗ್ಗೆ ಏಳಲು ಅವಳಿಗಿದ್ದ ಕಾರಣ ಆ ವ್ಯಾನೊಂದೇ. ಪಾಯಿಂಟ್ ಕಾಣದಂತೆ ಮುಚ್ಚಿಡಬೇಕಾದರೆ ತಪ್ಪು ಮಾಡಿದ ಚಾಲಕರಿಗೆಂದೇ ಇರುವ ಈ ಆನ್‌ಲೈನ್ ಶಾಲೆಯನ್ನು ಗುರುವಾರ ಸಂಜೆ ಐದರೊಳಗೆ ಮುಗಿಸಿರಬೇಕು.

ಒಂಬತ್ತು ಪಾಠಗಳಲ್ಲಿ ಎರಡು ಮುಗಿಸುವಷ್ಟರಲ್ಲಿ ಅವಳಿಗೆ ಸಾಕೋ ಸಾಕಾಯಿತು. ಮೂರನೆಯ ಪಾಠದ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ. ಇನ್ನೊಂದು ಸಲ ತಪ್ಪಿದರೆ ಇಡೀ ಶಾಲೆಯೇ ರದ್ದು ಎಂದು ಗೊಂಬೆ ಬೆರಳಾಡಿಸಿ ಹೇಳಿತು. ಗುರುವಾರ ಬೆಳಿಗ್ಗೆಯೇ ಮೈದುನ ರಾಯ್ಸ್‌ಗೆ ಫೋನು ಮಾಡಿದಳು.

ಕ್ರ್ಯಾಂಡಲ್ ಮನೆತನದಲ್ಲಿ ಯಾರಿಗೆ ಪೊಲೀಸರ ಚೀಟಿ ಬಿದ್ದರೂ ಅದು ಕೊನೆಗೆ ಹೋಗುವುದು ರಾಯ್ಸ್‌ನ ಹತ್ತಿರವೇ. ಅಳಿಯಂದಿರು, ಸೊಸೆಯರು, ನೆರೆಹೊರೆಯವರು, ಎಲ್ಲರ ಹೆಸರಿನಲ್ಲೂ ಕೂತು ಶಾಲೆ ಮುಗಿಸಿಕೊಟ್ಟವನು ಅವನು. ಸಂಬಳ, ಪೀಚ್ ಹಣ್ಣು ತುಂಬಿ ಓವನ್ನಿನಲ್ಲಿ ಸುಟ್ಟ ಒಂದು ‘ಪೈ’ ಕಡುಬು. ಇದನ್ನು ಅಲ್ಲಿ ಯಾರೂ ಮೋಸ ಅನ್ನುವುದಿಲ್ಲ. ಹುಲ್ಲು ಕತ್ತರಿಸುವ ಯಂತ್ರ ಎರವಲು ಕೊಟ್ಟ ಹಾಗೆ ಒಂದು ಉಪಕಾರ ಅಷ್ಟೆ.

“ಎದ್ದೇಳಿ ಅತ್ತಿಗೆ, ನಿಮ್ಮ ಕೈಲಿ ಆಗೋದಲ್ಲ ಇದು,” ಎನ್ನುತ್ತಾ ಬಂದವನೇ ಕುರ್ಚಿ ಎಳೆದುಕೊಂಡ. “ನೀವು ಪ್ರಶ್ನೆ ಜತೆ ಜಗಳಕ್ಕೆ ನಿಲ್ತೀರಿ.”

“ಮತ್ತೇನೋ? ಮುಂದಿನ ಗಾಡಿಯಿಂದ ಎಷ್ಟು ದೂರ ಇರ್ಬೇಕು ಅಂತ ಕೇಳುತ್ತೆ. ಮುಂದಿರೋನು ಎಂಥಾ ಮುಠ್ಠಾಳ ಅನ್ನೋದ್ರ ಮೇಲೆ ಹೋಗುತ್ತಪ್ಪ ಅದು!”

“ನೋಡಿ, ಅದಕ್ಕೇ ಫೇಲು. ಮೂರು ಸೆಕೆಂಡು ಅಂತ ಒತ್ತಿ ಸುಮ್ನಿರ್ಬೇಕು. ನೀವು ಪೈ ಕಡೆ ನೋಡ್ಕೊಳ್ಳಿ.”

ಅವನು ಮೂರನೆಯ ಪಾಠವನ್ನು ಮೊದಲ ಏಟಿಗೇ ದಾಟಿಸಿದ. ಆಮೇಲೆ ಗಡಿಯಾರವನ್ನು ಅದರ ಪಾಡಿಗೆ ಬಿಟ್ಟು, ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿ, ಫೋನಿನಲ್ಲಿ ಬೇಸ್‌ಬಾಲ್ ನೋಡುತ್ತಾ ಕೂತ. ನಾಲ್ಕು ನಿಮಿಷಕ್ಕೊಮ್ಮೆ ಬೆರಳು ಚಾಚಿ ಪುಟ ತಳ್ಳುತ್ತಿದ್ದ. ಕಾಲುಚೀಲದ ತೂತಿನಿಂದ ಅವನ ಹೆಬ್ಬೆರಳು ಇಣುಕುತ್ತಿತ್ತು. ವೆಲ್ಡಾ ಅತ್ತ ಬೆನ್ನು ಮಾಡಿ ಪೈಗೆ ಹಿಟ್ಟು ಕಲಸತೊಡಗಿದಳು.

“ಅತ್ತಿಗೆ, ನೀವು ಸಾಕಿದ ಮೊದಲ್ನೇ ನಾಯಿ ಹೆಸರೇನು?”

“ಅದ್ಯಾಕೋ ಈಗ?”

“ಕೂತಿರೋದು ನೀವೇನಾ ಅಂತ ಪರೀಕ್ಷೆ ಮಾಡ್ತಿದೆ.”

“ಡ್ಯೂಕ್,” ಎಂದಳು ವೆಲ್ಡಾ. ಸತ್ತು ಐವತ್ತು ವರ್ಷವಾದ ಆ ಪಾಪದ ನಾಯಿಯನ್ನೂ ಈ ಹೊಲಸಿಗೆ ಎಳೆದು ತಂದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಎಂಟನೆಯ ಪಾಠ ಬಂತು. ರಾಯ್ಸ್ ಗಟ್ಟಿಯಾಗಿ ನಕ್ಕ.

“ನಿಮ್ದೇ ಪಾಠ ಅತ್ತಿಗೆ! ಫಲಕದ ಮುಂದೆ ಗಾಲಿ ನಿಂತು ಮೂರು ಎಣಿಸ್ಬೇಕಂತೆ. ಈ ಗೊಂಬೆ ಹೇಳೋ ಜೋಕು ನಂಗೆ ಬಾಯಿಗೆ ಬರುತ್ತೆ. ಕರ್ಟ್‌ಗೆ ಮಾಡಿಕೊಟ್ಟಾಗ್ಲೂ ಇದೇ ಇತ್ತು.”

ಪೀಚಿನ ಸಿಪ್ಪೆ ಸುಲಿಯುತ್ತಿದ್ದ ವೆಲ್ಡಾಳ ಚಾಕು ನಿಂತಿತು. “ಯಾವ ಕರ್ಟ್?”

“ಟೈರ್ ಅಂಗಡಿ ಕರ್ಟ್, ಇನ್ಯಾರು? ಅವನೂ ನಿಮ್ಮ ಥರಾನೇ, ಬೇರೆ ಬೀದಿ ಫಲಕದ ಮುಂದೆ ನಿಲ್ಲದೆ ಹೋಗಿ ಸಿಕ್ಕಿಬಿದ್ದಿದ್ದ. ಅಜ್ಜಿಗೆ ಗುದ್ದೋಕೆ ಒಂದೆರಡು ತಿಂಗಳು ಮುಂಚೆ.”

“ಅವನು ಒಂದು ಪುಟ ಆದ್ರೂ ಓದಿದ್ನೇನೋ?”

“ಅವನಾ? ನಾನು ಒಳಗೆ ಕೂತಿದ್ದೆ, ಅವನು ಹಿತ್ತಲಲ್ಲಿ ಮಾಂಸ ಸುಡ್ತಾ ಬಿಯರ್ ಕುಡೀತಿದ್ದ.” ರಾಯ್ಸ್ ತಿರುಗಿ ಅವಳ ಮುಖ ನೋಡಿದ. “ಯಾಕೆ ಹಾಗ್ ನೋಡ್ತೀರಿ? ನಾನೇನು ಅವನ ಗಾಡಿ ಓಡಿಸಿದ್ನಾ?”

ನೀನು ಮನುಷ್ಯನೇನೋ ಎಂದು ವೆಲ್ಡಾಳಿಗೆ ಬಯ್ಯಬೇಕೆನಿಸಿತು. ಆದರೆ ಬಯ್ಯುವ ಬಾಯಿ ಯಾವುದು? ಕರ್ಟ್ ಮಾಂಸ ಸುಡುತ್ತಿದ್ದ, ಇವಳು ಪೀಚು ಸುಲಿಯುತ್ತಿದ್ದಳು, ವ್ಯತ್ಯಾಸ ಅಷ್ಟೇ. ಇವನನ್ನು ಕತ್ತು ಹಿಡಿದು ಹೊರಗೆ ದಬ್ಬಿ ಪಾಠವೆಲ್ಲ ಮೊದಲಿನಿಂದ ತಾನೇ ಓದಬೇಕೆಂದರೆ ಉಳಿದಿರುವುದು ಎರಡೇ ಗಂಟೆ. ಅವಳು ಗೋಡೆಯ ಗಡಿಯಾರ ನೋಡಿದಳು. ಆಮೇಲೆ ಪೈ ಓವನ್ನಿಗೆ ಹಾಕಿದಳು.

ನಾಲ್ಕೂಕಾಲಿಗೆ ರಾಯ್ಸ್ ಕುರ್ಚಿ ಬಿಟ್ಟುಕೊಟ್ಟ. “ಪಾಸು. ಕೊನೇದೊಂದು ನೀವೇ ಒತ್ಬಿಡಿ.”

ಪರದೆಯ ಮೇಲೆ ಹೀಗಿತ್ತು: ‘ಈ ಪಾಠಗಳನ್ನೆಲ್ಲ ನಾನೇ ಖುದ್ದಾಗಿ ಓದಿ ಮುಗಿಸಿದ್ದೇನೆ. ಇದು ಸುಳ್ಳಾದರೆ ಕಾನೂನಿನ ಶಿಕ್ಷೆಗೆ ಬದ್ಧಳಾಗಿದ್ದೇನೆ.’ ಇಡೀ ಶಾಲೆಯಲ್ಲಿ ಜೋಕಿಲ್ಲದ ಪುಟ ಅದೊಂದೇ. ವೆಲ್ಡಾ ಎರಡು ಸಲ ಓದಿದಳು. ಶುಕ್ರವಾರ ಬೆಳಿಗ್ಗೆ ವ್ಯಾನಿನಲ್ಲಿ ತನ್ನ ಡ್ರೈವರ್ ಸೀಟಿನಲ್ಲಿ ಬೇರೆ ಯಾರೋ ಕೂತಂತೆ ಕಣ್ಣಿಗೆ ಕಟ್ಟಿತು. ಒತ್ತಿದಳು. ಗೊಂಬೆ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿತು, ಬಣ್ಣದ ಕಾಗದದ ಚೂರುಗಳು ಉದುರಿದವು, ‘ಶಹಭಾಸ್ ವೆಲ್ಡಾ’ ಎಂಬ ಪ್ರಮಾಣಪತ್ರ ಬಂತು. ಅವಳು ಅದನ್ನು ಹಾಗೇ ವ್ಯಾನಿನ ಉಸ್ತುವಾರಿ ನೋಡುವ ಲೊರೇನ್‌ಗೆ ಕಳಿಸಿ, ಲ್ಯಾಪ್‌ಟಾಪನ್ನು ರಪ್ಪನೆ ಮುಚ್ಚಿದಳು.

ಐದು ನಿಮಿಷದಲ್ಲಿ ಲೊರೇನ್ ತಾನೇ ಫೋನು ಮಾಡಿದಳು.

“ಬಂತು ಕಣೇ, ಬಂತು! ನಂಗೆ ಗೊತ್ತಿತ್ತು. ಕಮಿಟಿಯಲ್ಲಿ ಒಬ್ಬರು ಕೊಂಕು ತೆಗೆದ್ರು, ಇದನ್ನೆಲ್ಲ ಜನ ಬೇರೆಯವರ ಕೈಲಿ ಮಾಡಿಸ್ತಾರೆ ಅಂತ. ವೆಲ್ಡಾ ಅಂಥವಳಲ್ಲ, ಒಂದಕ್ಷರ ಬಿಡದೆ ಓದ್ತಾಳೆ ಅಂತ ನಾನು ಬಾಯಿ ಮುಚ್ಚಿಸ್ದೆ. ಓದಿದ್ಯಲ್ಲ?”

“ಓದ್ದೆ ಕಣೇ,” ಎಂದಳು ವೆಲ್ಡಾ. “ಒಂದಕ್ಷರಾನೂ ಬಿಡ್ಲಿಲ್ಲ.”

“ಹಾಗಾದ್ರೆ ಕೇಳು. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಎಲ್ಲರ ಮುಂದೆ ನಿಂತು ಹತ್ತು ನಿಮಿಷ ಮಾತಾಡ್ಬೇಕು ನೀನು. ಅಲ್ಲಿ ಏನೇನು ಕಲ್ತೆ, ಅದನ್ನೇ ಹೇಳು. ಇದು ನನ್ನ ಯೋಚನೆಯಲ್ಲ, ಇಮೋಜೆನ್‌ದು. ತನ್ನ ಸೊಂಟ ಮುರಿದದ್ದಕ್ಕೂ ಒಂದರ್ಥ ಬರ್ಲಿ ಅಂತಾಳೆ ಪಾಪ.”

ವೆಲ್ಡಾ ಹೂಂ ಎಂದು ಫೋನಿಟ್ಟಳು. ರಾಯ್ಸ್ ಬಿಸಿ ಪೈಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಾಗಿಲ ಹತ್ತಿರ ನಿಂತಿದ್ದ.

“ರಾಯ್ಸ್, ಏನಿತ್ತೋ ಅದರಲ್ಲಿ?”

“ಎದ್ರಲ್ಲಿ?”

“ಆ ಪಾಠದಲ್ಲಿ ಕಣೋ. ಏಳು ಪಾಠ ಮಾಡಿದ್ಯಲ್ಲ, ಏನು ಹೇಳ್ತಾರೆ ಅದರಲ್ಲಿ?”

“ನಂಗೇನ್ ಗೊತ್ತು ಅತ್ತಿಗೆ?” ರಾಯ್ಸ್‌ಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. “ನಾನ್ಯಾವತ್ತು ಓದಿದೀನಿ? ಉತ್ತರ ಬಾಯಿಪಾಠ ಆಗಿದೆ, ಅಷ್ಟೆ.”

ಅವನು ಹೊರಟು ಹೋದ. ಇಮೋಜೆನ್ ಭಾನುವಾರ ಎಂದಿನಂತೆ ಮೊದಲ ಸಾಲಿನಲ್ಲೇ ಕೂರುತ್ತಾಳೆ. ಅವಳಿಗೆ ಕಿವಿ ಮಂದ. ಪ್ರತಿ ಮಾತನ್ನೂ ವೆಲ್ಡಾ ಅವಳ ಮುಖ ನೋಡಿ, ಗಟ್ಟಿಯಾಗಿ, ಎರಡೆರಡು ಸಲ ಹೇಳಬೇಕಾಗುತ್ತದೆ.