ಮೊದಲ ಮಾಲೀಕರು ಇದ್ದಾರಾ?

ಸೋರ್ಲಿ ಪೆನ್ನಿನ ಕ್ಲಿಪ್ಪಿನ ಮೇಲೆ ಒಂದು ಕೊಕ್ಕರೆ ಇರುತ್ತಿತ್ತು. ನಮ್ಮೂರ ಹೊಳೆಯ ಕೊಕ್ಕರೆ, ಒಂಟಿಕಾಲಲ್ಲಿ ನಿಂತದ್ದು. ಸೋರ್ಲಿ ಮನೆತನದವರು ಕಾರ್ಖಾನೆಯನ್ನು ರೇಜರ್ ಕಂಪನಿಗೆ ಮಾರಿದಾಗ, ಹೊಸಬರು ಲೋಹ ಉಳಿಸಲು ಹೋಗಿ ಇದ್ದ ಆ ಒಂದು ಕಾಲನ್ನೂ ತೆಗೆದರು. ರೇಜರ್‌ನವರು ಸ್ಟೇಪ್ಲರ್ ಕಂಪನಿಗೆ ಮಾರಿದರು. ಅವರು ರೆಕ್ಕೆ ತೆಗೆದರು, ನಮ್ಮ ವಿಸ್ಕಾನ್ಸಿನ್ ರಾಜ್ಯದಿಂದ ಯಂತ್ರಗಳನ್ನೂ ತೆಗೆದರು. ಈಗ ಕೊಂಡಿರುವ ಕಂಪನಿಗೆ ಊರೂ ಇಲ್ಲ, ಕಾರ್ಖಾನೆಯೂ ಇಲ್ಲ, ಹೆಸರೊಂದಿದೆ. ಅವರ ಕ್ಲಿಪ್ಪಿನ ಮೇಲೆ ಉಳಿದಿರುವುದು ಕೊಕ್ಕು ಮಾತ್ರ. ಇದೇನಮ್ಮ ಎಂದು ಅಂಗಡಿಯ ಹುಡುಗಿಯನ್ನು ಕೇಳಿದರೆ ಬಾಣ ಅಂದಳು.

ನನ್ನ ಹೆಸರು ಆರ್ಡಿಸ್. ಮದುವೆಗೆ ಮುಂಚಿನಿಂದ ಹಿಡಿದು ಕಾರ್ಖಾನೆ ಬಾಗಿಲು ಹಾಕುವವರೆಗೂ ಸೋರ್ಲಿಯ ಪ್ಯಾಕಿಂಗ್ ವಿಭಾಗದಲ್ಲಿದ್ದವಳು. ಪ್ರತಿ ಪೆಟ್ಟಿಗೆಯಲ್ಲೂ ಪೆನ್ನಿನ ಕೆಳಗೆ ಒಂದು ನೀಲಿ ಚೀಟಿ ಇಡುತ್ತಿದ್ದೆ. 'ಈ ಪೆನ್ನು ಇರುವವರೆಗೂ ನಾವಿದ್ದೇವೆ' ಎಂದು ಅದರಲ್ಲಿ ಅಚ್ಚಾಗಿರುತ್ತಿತ್ತು. ಕೆಟ್ಟರೆ ಕಳಿಸಿ, ಬಿಟ್ಟಿಯಾಗಿ ಸರಿಮಾಡಿ ಕೊಡುತ್ತೇವೆ, ಅಷ್ಟೇ. ಪೆನ್ನು ಯಾರದು ಎಂದು ಕೇಳುವ ಪದ್ಧತಿಯೇ ಇರಲಿಲ್ಲ. ಸುಟ್ಟ ಮನೆಯ ಬೂದಿಯಿಂದ ಹೆಕ್ಕಿದ್ದು, ಹಂದಿ ಅಗಿದದ್ದು, ಅಜ್ಜ ಸತ್ತ ಮೇಲೆ ಮೊಮ್ಮಗಳ ಕೈಗೆ ಸಿಕ್ಕಿದ್ದು, ಎಲ್ಲವೂ ಬರುತ್ತಿದ್ದವು. ರಿಪೇರಿ ವಿಭಾಗದ ನಾರ್ಬರ್ಟ್ ಬೈಯುತ್ತ ಬೈಯುತ್ತಲೇ ಅವನ್ನು ಬರೆಯುವಂತೆ ಮಾಡುತ್ತಿದ್ದ.

ನನ್ನ ಗಂಡ ಡೆಲ್ಮರ್ ನಿಬ್ಬು ಉಜ್ಜುವ ವಿಭಾಗದವನು. ಎಡಚ. ಊಟದ ಬಿಡುವಿನಲ್ಲಿ ತನ್ನ ಪೆನ್ನಿನ ನಿಬ್ಬನ್ನು ತನ್ನ ಕೈಗೆ ಒಗ್ಗುವ ಹಾಗೆ ಓರೆಯಾಗಿ ಉಜ್ಜಿಕೊಂಡಿದ್ದ. ಬೇರೆ ಯಾರು ಬರೆದರೂ ಅದು ಕಾಗದ ಕೆರೆಯುತ್ತಿತ್ತು. ನಾನು ಹಿಡಿದರಂತೂ ಕಿರ್ರೆಂದು ಜಗಳಕ್ಕೇ ಬರುತ್ತಿತ್ತು. "ನೋಡಿದ್ಯಾ, ಎಷ್ಟು ನಿಯತ್ತು ಇದಕ್ಕೆ," ಎಂದು ಡೆಲ್ಮರ್ ಬೀಗುತ್ತಿದ್ದ.

ಅವನು ಹೋದ ಮೇಲೆ ಪ್ರತಿ ಭಾನುವಾರ ಚರ್ಚಿನಿಂದ ಬಂದು ಆ ಪೆನ್ನಿಗೆ ಶಾಯಿ ತುಂಬಿ, ಒಂದು ಗೆರೆ ಎಳೆದು, ತೊಳೆದಿಡುತ್ತಿದ್ದೆ. ಗಿಡಕ್ಕೆ ನೀರು ಹಾಕಿದ ಹಾಗೆ. ಈ ಸಲ ಚಳಿ ಶುರುವಾಗುವ ಹೊತ್ತಿಗೆ ಪೆನ್ನು ಶಾಯಿ ಎಳೆದುಕೊಳ್ಳಲಿಲ್ಲ. ಒಳಗೆ ಶಾಯಿ ನಿಲ್ಲುವ ರಬ್ಬರ್ ಚೀಲ ಒಣಗಿ ಪುಡಿಯಾಗಿತ್ತು.

ನಾರ್ಬರ್ಟ್ ಎದುರು ಮನೆಯವನು, ಅವನೂ ಒಂಟಿ. ಊರ ಹೋಟೆಲಿನ ಶುಕ್ರವಾರದ ಮೀನೂಟಕ್ಕೆ ನಾವಿಬ್ಬರೂ ಒಂದೇ ಮೇಜಿಗೆ ಕೂರುತ್ತೇವೆ. ಅಲ್ಲಿ ವಿಷಯ ತೆಗೆದೆ.

"ಕಂಪನಿಗೆ ಕಳಿಸ್ಬೇಡ ಕಣಮ್ಮಾ," ಅಂದ. "ಅವ್ರ ಹತ್ರ ಹೆಸರಿದೆ, ಜನ ಇಲ್ಲ."

"ಹಾಗಾದ್ರೆ ನೀನೇ ಮಾಡ್ಕೊಡು."

ನಾರ್ಬರ್ಟ್ ಎರಡೂ ಕೈಗಳನ್ನು ಬ್ರಾಂದಿ ಲೋಟದ ಪಕ್ಕ ಇಟ್ಟು ತೋರಿಸಿದ. ಬೆರಳುಗಳು ನಡುಗುತ್ತಿದ್ದವು. "ಈ ಕೈಗೆ ಕೊಟ್ರೆ ನಾನು ನಿಬ್ಬು ಮುರೀತೀನಿ. ಆಮೇಲೆ ನೀನು ನನ್ನ ಕತ್ತು ಮುರೀತೀಯ."

"ನೀಲಿ ಚೀಟಿ ಇದೆಯಲ್ಲಯ್ಯಾ. ನನ್ನ ಕೈಯಾರೆ ಇಟ್ಟದ್ದು."

"ಇಟ್ಟೋಳು ನೀನು. ಮಾತು ಕೊಟ್ಟೋನು ಮುದುಕ ಸೋರ್ಲಿ. ಈಗಿನೋರು ಅವನ ಮುಖಾನೇ ನೋಡಿಲ್ಲ."

ನನಗೆ ಹಟ ಬಂತು. ಅಷ್ಟು ವರ್ಷ ನಾನು ಪೆಟ್ಟಿಗೆಯಲ್ಲಿಟ್ಟದ್ದು ಬರೀ ಕಾಗದವೇ? ಮಾರನೆಯ ದಿನವೇ ಪೆನ್ನನ್ನು ಹತ್ತಿಯಲ್ಲಿ ಸುತ್ತಿ ಅಂಚೆಗೆ ಹಾಕಿದೆ.

ಒಂದು ಬೆಳಿಗ್ಗೆ ಫೋನ್ ಬಂತು. ಎಳೆಯ ದನಿ. "ನಮಸ್ಕಾರ ಮೇಡಂ, ಸೋರ್ಲಿ ಗ್ರಾಹಕ ಸೇವೆಯಿಂದ ಯೆಸೆನಿಯಾ ಮಾತಾಡ್ತಿದೀನಿ. ಈ ಪೆನ್ನಿನ ಮೊದಲ ಮಾಲೀಕರು ಯಾರು?"

"ನನ್ನ ಗಂಡ, ಡೆಲ್ಮರ್."

"ಸಾರ್ ಇದಾರಾ ಮೇಡಂ? ಯಾಕಂದ್ರೆ ನಮ್ಮ ಭರವಸೆ ಮೊದಲ ಮಾಲೀಕರು ಬದುಕಿರೋವರೆಗೆ ಮಾತ್ರ. ಅವ್ರಿಲ್ಲ ಅಂದ್ರೆ ರಿಪೇರಿ ಇಲ್ಲ, ಹಾಗೇ ವಾಪಸ್ ಕಳಿಸ್ತೀವಿ."

ನನಗೆ ಮೈಯೆಲ್ಲ ಉರಿಯಿತು. ಚೀಟಿಯಲ್ಲಿ ಇದ್ದದ್ದು ಪೆನ್ನಿನ ಆಯಸ್ಸು. ಅದನ್ನು ಯಾವ ಪುಣ್ಯಾತ್ಮ ಮನುಷ್ಯನ ಆಯಸ್ಸು ಮಾಡಿದನೋ, ರೇಜರ್‌ನವನೋ ಸ್ಟೇಪ್ಲರ್‌ನವನೋ. ಮನುಷ್ಯರು ಪೆನ್ನಿಗಿಂತ ಬೇಗ ಸಾಯುತ್ತಾರೆಂದು ಲೆಕ್ಕ ಹಾಕಿರಬೇಕು.

"ಇದಾರೆ," ಅಂದೆ. "ಗ್ಯಾರೇಜಿನಲ್ಲಿ ಏನೋ ಬಿಚ್ಚಿ ಹರಡ್ಕೊಂಡು ಕೂತಿದಾರೆ. ಕರೆದ್ರೂ ಕೇಳಲ್ಲ."

ಆ ಹುಡುಗಿ ನಕ್ಕಳು. "ನಮ್ಮಪ್ಪನೂ ಹಾಗೇ ಮೇಡಂ."

ಫೋನಿಟ್ಟು ಗ್ಯಾರೇಜಿನ ಬಾಗಿಲ ಕಡೆ ನೋಡಿದೆ. ಸುಳ್ಳಿಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಡೆಲ್ಮರ್ ಎಲ್ಲಿ ಎಂದು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತು!

ಆಮೇಲೆ ಅವಳು ಮತ್ತೆ ಮತ್ತೆ ಫೋನ್ ಮಾಡಿದಳು. ಒಮ್ಮೆ ಪೆನ್ನು ಯಾವ ಮಾದರಿಯದೆಂದು ಕೇಳಲು, ಒಮ್ಮೆ ಉಗ್ರಾಣದಲ್ಲಿ ಬಿಡಿಭಾಗ ಹುಡುಕುತ್ತಿದ್ದಾರೆ ಎಂದು ಹೇಳಲು. ಪ್ರತಿ ಸಲವೂ "ಸಾರ್ ಇದಾರಾ?" ನನ್ನ ಉತ್ತರಗಳಲ್ಲಿ ಡೆಲ್ಮರ್ ಒಮ್ಮೆ ಹೆಪ್ಪುಗಟ್ಟಿದ ಕೆರೆಗೆ ಮೀನು ಹಿಡಿಯಲು ಹೋಗಿದ್ದ. ನಿಜಕ್ಕೆ ಅವನ ಗಾಳಗಳೆಲ್ಲ ನಮ್ಮ ಹಳೆಯ ಕಾರ್ಖಾನೆಯಲ್ಲಿದ್ದವು. ಆ ಕಟ್ಟಡವನ್ನು ಈಗ ಸಾಮಾನಿಡುವ ಗೂಡುಗಳಾಗಿ ಬಾಡಿಗೆಗೆ ಕೊಡುತ್ತಾರೆ, ನಾನೂ ಒಂದು ಹಿಡಿದಿದ್ದೇನೆ. ಇನ್ನೊಮ್ಮೆ ಅವನಿಗೆ ಮಂಡಿನೋವು, ಮಲಗಿದ್ದ. ಅದರ ಮುಂದಿನ ಸಲ ಅವಳು ಪೆನ್ನಿನ ಮಾತಿಗೆ ಮುಂಚೆ ಮಂಡಿ ಹೇಗಿದೆ ಎಂದು ಕೇಳಿದಳು. ನಾನು ಫೋನಿಗೆ ಕಾಯತೊಡಗಿದೆ. ಅಂಗಡಿಯಲ್ಲಿ ಕೈ ತಾನಾಗಿಯೇ ಅವನ ಇಷ್ಟದ ರೈ ಬ್ರೆಡ್ಡಿನ ಕಡೆ ಹೋಗುತ್ತಿತ್ತು. ನನಗೆ ಅದು ಸೇರುವುದಿಲ್ಲ.

ಹಿಮ ಜೋರಾಗಿ ಬಿದ್ದ ದಿನ ಫೋನು ಬಂದಾಗ ನಾರ್ಬರ್ಟ್ ನಮ್ಮಂಗಳದಲ್ಲಿ ಸಲಿಕೆ ಹಿಡಿದಿದ್ದ. "ಡೆಲ್ಮರ್ ಹೊರಗೆ ಹಿಮ ಗೋರ್ತಿದಾರೆ ಕಣಮ್ಮ," ಎಂದು ಹೇಳಿ ಫೋನಿಟ್ಟು ತಿರುಗಿದರೆ ನಾರ್ಬರ್ಟ್ ಬೂಟು ಬಿಚ್ಚುತ್ತ ಬಾಗಿಲಲ್ಲೇ ನಿಂತಿದ್ದ.

"ಯಾರು ಗೋರ್ತಿರೋದು?"

ಎಲ್ಲ ಹೇಳಿದೆ. ಬೈಯುತ್ತಾನೆಂದುಕೊಂಡಿದ್ದೆ.

"ಅಲ್ಲಮ್ಮಾ, ಬೆನ್ನು ನೋಯ್ತಿರೋದು ನಂದು, ಹೆಸರು ಅವಂದಾ? ನೀನೂ ಕಂಪನಿ ನಡ್ಸಕ್ಕೆ ಲಾಯಕ್ಕು ಬಿಡು."

ಇಬ್ಬರೂ ನಕ್ಕೆವು. ಆಮೇಲೆ ಅವನು ಕಾಫಿ ಕುಡಿದು, ಮತ್ತೆ ಬೂಟು ಹಾಕಿಕೊಂಡು, ಉಳಿದ ಹಿಮ ಗೋರಲು ಹೋದ.

ಕೊನೆಯ ಕರೆ ಬಂದಾಗಲೂ ನಾರ್ಬರ್ಟ್ ಅಡಿಗೆಮನೆಯ ಮೇಜಿನಲ್ಲೇ ಇದ್ದ. ಯೆಸೆನಿಯಾಳ ದನಿಯಲ್ಲಿ ಸಂಭ್ರಮ. "ಮೇಡಂ, ಖುಷಿ ಸುದ್ದಿ! ಹಳೇ ಮಾದರಿಗೆ ಬಿಡಿಭಾಗ ಸಿಗ್ಲಿಲ್ಲ. ಆದ್ರೆ ಡೆಲ್ಮರ್ ಸಾರ್‌ಗೆ ಹೊಚ್ಚ ಹೊಸ ಸೋರ್ಲಿ ಕೊಡಕ್ಕೆ ಒಪ್ಪಿಗೆ ಸಿಕ್ಕಿದೆ. ನಾನೇ ಹಿಂದೆ ಬಿದ್ದು ಮಾಡ್ಸಿದೆ."

"ಒಳ್ಳೇದಾಯ್ತು ಮಗು. ಹಳೇದನ್ನೂ ಜೊತೇಲಿ ಕಳ್ಸು."

"ಅದು ಆಗಲ್ಲ ಮೇಡಂ. ಬದಲಿ ಕೊಟ್ರೆ ಹಳೇದು ಕಂಪನಿಗೆ ಸೇರತ್ತೆ. ಜಜ್ಜಿ ಹಾಕ್ಬಿಡ್ತಾರೆ, ನಿಯಮ ಇದೆ."

"ಬದಲಿ ಬೇಡ. ನನಗೆ ಅದೇ ಬೇಕು."

"ಬೇಡ ಅಂತ ಮಾಲೀಕರೇ ಹೇಳ್ಬೇಕು ಮೇಡಂ. ಕರೆಯೆಲ್ಲ ರೆಕಾರ್ಡ್ ಆಗತ್ತೆ. ಸಾರ್‌ಗೆ ಒಂದ್ನಿಮಿಷ ಫೋನ್ ಕೊಡಿ, ಒಂದೇ ಮಾತು ಸಾಕು."

ನಾರ್ಬರ್ಟ್‌ಗೆ ಎಲ್ಲ ಕೇಳಿಸಿತ್ತು. ಅವನು ಗಂಟಲು ಸರಿಮಾಡಿಕೊಂಡು, ನಡುಗುವ ಕೈಯನ್ನು ಫೋನಿಗಾಗಿ ಚಾಚಿದ. ಎಷ್ಟು ಸುಲಭವಿತ್ತು! ಅವನು 'ಬೇಡ' ಎಂದರೆ ಸಾಕು, ಪೆನ್ನು ಉಳಿಯುತ್ತಿತ್ತು. ಮುಂದಿನ ವಾರ ಅವಳು ಮತ್ತೆ ಫೋನ್ ಮಾಡುತ್ತಿದ್ದಳು, ಮಂಡಿನೋವು ಕೇಳುತ್ತಿದ್ದಳು.

ನನ್ನ ಕೈ ಏಳಲಿಲ್ಲ. ಬೇರೆ ಯಾರದೋ ದನಿಗೆ ಡೆಲ್ಮರ್ ಎಂದು ಹೆಸರು ಹಚ್ಚುವುದೇ? ಯಾರೋ ಎಲ್ಲೋ ಮಾಡಿದ ಪೆನ್ನಿಗೆ ಸೋರ್ಲಿ ಎಂದು ಹಚ್ಚಿದ್ದನ್ನು ನೋಡಿ ಊರೆಲ್ಲ ಉಗಿದವಳು ನಾನು. ಆ ಕೊಕ್ಕರೆಗೆ ಮಾಡಿದ ಹಾಗೆ ಡೆಲ್ಮರ್‌ನ ಕಾಲು, ರೆಕ್ಕೆ ಕತ್ತರಿಸಲು ನಾನೇ ಹೊರಟಿದ್ದೆನಲ್ಲ.

"ಯೆಸೆನಿಯಾ," ಅಂದೆ. "ಡೆಲ್ಮರ್ ಇಲ್ಲ."

"ಹೊರಗೆ ಹೋಗಿದಾರಾ ಮೇಡಂ? ಆಮೇಲೆ ಮಾಡ್ಲಾ?"

"ತೀರಿಕೊಂಡಿದಾರೆ. ನೀನು ಮೊದಲ ಸಲ ಫೋನ್ ಮಾಡೋದಕ್ಕಿಂತ ಎಷ್ಟೋ ಮುಂಚೆ."

ಅವನನ್ನು ಹೂಳಿದ ದಿನವೂ ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿರಲಿಲ್ಲ; ಪಾದ್ರಿಯೇ ಹೇಳಿದ್ದರು. ನಾರ್ಬರ್ಟ್ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಕಿಟಕಿಯ ಕಡೆ ತಿರುಗಿದ.

"ಮತ್ತೆ... ಮಂಡಿನೋವು?" ಅಂದಳು ಆ ಹುಡುಗಿ, ಮೆಲ್ಲಗೆ.

"ಈಗ ಅದೂ ಇಲ್ಲ ಮಗು."

"ಹಾಗಾದ್ರೆ..." ಅವಳು ಮೂಗೆಳೆದುಕೊಂಡಳು. "ಹಾಗಾದ್ರೆ ಭರವಸೆ ಮುಗೀತು ಮೇಡಂ. ಪೆನ್ನನ್ನ ಮುಟ್ಟದೆ ಹಾಗೇ ವಾಪಸ್ ಕಳಿಸ್ಬೇಕಾಗತ್ತೆ."

"ಹಾಗೇ ಕಳ್ಸು. ನಿನ್ನ ಹೊಟ್ಟೆ ತಣ್ಣಗಿರ್ಲಿ."

"ಸಾರ್ ತುಂಬ ಒಳ್ಳೆಯವ್ರು ಅನ್ಕೊಂಡಿದ್ದೆ," ಅಂದಳು.

"ಹೌದು, ಒಳ್ಳೆಯವ್ರೇ," ಅಂದೆ.

ಪೆನ್ನು ಬಂತು. ಪೊಟ್ಟಣದ ಮೇಲೆ ನನ್ನ ಹೆಸರೊಂದೇ ಇತ್ತು. ಫೋನು ಮತ್ತೆ ಬರಲಿಲ್ಲ, ಬರಲು ಕಾರಣವೂ ಇರಲಿಲ್ಲ. ಅಂಗಡಿಗೆ ಹೋದಾಗ ನನಗೆ ಬೇಕಾದ ಬ್ರೆಡ್ಡನ್ನೇ ತಂದೆ.

ಭಾನುವಾರ ಚರ್ಚಿನಿಂದ ಬಂದು ಶಾಯಿ ಬಾಟಲಿಯ ಮುಚ್ಚಳ ತೆಗೆದೆ. ತುಂಬಲು ಬಾರದಿದ್ದರೇನು, ಅದ್ದಬಹುದಲ್ಲ. ನಿಬ್ಬನ್ನು ಅದ್ದಿ ಗೆರೆ ಎಳೆದೆ. ಕಿರ್ರೆಂದಿತು. ಏನೋ ಬುದ್ಧಿ ಬಂದು ಪೆನ್ನನ್ನು ಎಡಗೈಗೆ ಬದಲಿಸಿ, ಅವನು ಹಿಡಿಯುತ್ತಿದ್ದ ಹಾಗೆ ಮಣಿಕಟ್ಟು ತಿರುಗಿಸಿ ಎಳೆದೆ. ಬೆಣ್ಣೆಯ ಮೇಲೆ ಹೋದ ಹಾಗೆ ಹೋಯಿತು, ಒಂಚೂರು ಸದ್ದಿಲ್ಲ. ಮನೆಯಲ್ಲಿ ಎಷ್ಟು ಸದ್ದಿಲ್ಲ ಎಂದು ಆಗ ಗೊತ್ತಾಯಿತು.

ಪೆನ್ನನ್ನು ಮತ್ತೆ ಬಲಗೈಗೆ ತೆಗೆದುಕೊಂಡೆ. ಅದ್ದಿದೆ, ಎಳೆದೆ. ಶಾಯಿ ಮುಗಿಯುವವರೆಗೂ ಅದು ನನ್ನೊಡನೆ ಜಗಳವಾಡಿತು.