ವಾರಕ್ಕೊಂದೇ ಬಿಲ್ಲೆ

ಬರುವ ಭಾನುವಾರ ಗಂಡ ಬರುತ್ತಾನೆ ಅನ್ನುವಾಗ, ಈ ಸೋಮವಾರ ಎದ್ದು ನೋಡಿದರೆ ಈಜುಕೊಳದ ನೀರೆಲ್ಲ ಪಾಚಿ ಹಸಿರು! ನೆನಿಟಾ ತಲೆ ಮೇಲೆ ಕೈ ಹೊತ್ತು ಮೆಟ್ಟಿಲಲ್ಲೇ ಕೂತಳು. ಗಂಡ ಹೆನಾರೊ ಹಡಗು ಹತ್ತಿ ಹನ್ನೊಂದು ತಿಂಗಳಾಗಿತ್ತು. ಓಟೋನ್ ಊರಲ್ಲಿ ಮನೆಗೊಬ್ಬ ಹಡಗಿನವನಿದ್ದಾನೆ, ಇಲ್ಲಿಯ ಹೆಂಗಸರಿಗೆ ಕಾಯುವುದು ಹೊಸದಲ್ಲ. ಹಾಗಂತ ಅದು ಅಭ್ಯಾಸವಾಗಿಬಿಡುತ್ತದೆ ಅನ್ನುವವರ ಬಾಯಿಗೆ ಮಣ್ಣು ಬೀಳಲಿ.

ಹಿತ್ತಲಲ್ಲಿ ಕೊಳ ಕಟ್ಟಿಸಿದ್ದು ಅವನ ಹುಚ್ಚು. ವರ್ಷವೆಲ್ಲ ಸಮುದ್ರದ ಮೇಲಿದ್ದವನಿಗೆ ಮನೆಗೆ ಬಂದರೂ ನೀರೇ ಬೇಕು! ಹೊರಡುವ ದಿನ ಕ್ಲೋರಿನ್ ಬಿಲ್ಲೆಗಳ ಡಬ್ಬ ಅವಳ ಕೈಗಿಟ್ಟು, "ವಾರಕ್ಕೊಂದು ಹಾಕು, ಲಂಗಾ. ನೀರು ತಿಳಿಯಾಗಿರ್ಲಿ. ಬಂದವನೇ ಧುಮುಕ್ತೀನಿ," ಅಂದಿದ್ದ. ಅವರ ಮಾತಲ್ಲಿ ಲಂಗಾ ಅಂದರೆ ಮುದ್ದು. ಮೂವತ್ತು ವರ್ಷದಿಂದ ಬೇರೆ ಹೆಸರಲ್ಲಿ ಕರೆದವನೇ ಅಲ್ಲ.

ಕೊಳಗಳನ್ನು ಸರಿಮಾಡುವ ದಾದೊ ಬಂದ. ಅರವತ್ತು ದಾಟಿದ ಪಕ್ಕದ ಬೀದಿಯವನು. ಅವಳ ಪಾಲಿಗೆ ನೋಂಗ್, ಅಂದರೆ ಅಣ್ಣ. ತಳದಲ್ಲಿ ಕಪ್ಪು ಚುಕ್ಕೆಯಿದ್ದ ಗಾಜಿನ ಕೊಳವೆಗೆ ಔಷಧಿ ಬೆರೆಸಿದ ಕೊಳದ ನೀರು ಸುರಿದ. ನೀರು ಬೆಳ್ಳಗೆ ಮಬ್ಬಾಗಿ, ಒಂದು ಬೆರಳು ತುಂಬುವಷ್ಟರಲ್ಲೇ ಚುಕ್ಕೆ ಮುಚ್ಚಿಹೋಯಿತು.

"ಎಷ್ಟು ಬಿಲ್ಲೆ ಹಾಕ್ದೆ, ನೆನಿ?"

"ದಿನಾ ಒಂದು. ಅವ್ರ ಫೋನ್ ಬರದಿದ್ದ ದಿನ ಎರಡು. ಡಬ್ಬ ಖಾಲಿಯಾದಾಗೆಲ್ಲ ಹೊಸದು ತಂದೆ."

"ಅಯ್ಯೋ ನನ್ನಮ್ಮಾ! ಕೊಳಕ್ಕೆ ಹಾಕಿದ್ಯೋ, ಉಪ್ಪಿನಕಾಯಿ ಹಾಕಿದ್ಯೋ? ಬಿಲ್ಲೇಲಿ ಬರೀ ಕ್ಲೋರಿನ್ ಇರಲ್ಲ. ಬಿಸಿಲಿಗೆ ಅದು ಹಾರಿಹೋಗದ ಹಾಗೆ ಹಿಡ್ಕೊಳ್ಳೋ ಪುಡೀನೂ ಇರುತ್ತೆ. ಕ್ಲೋರಿನ್ ಖರ್ಚಾಗುತ್ತೆ, ಪುಡಿ ನೀರಲ್ಲೇ ಉಳಿಯುತ್ತೆ. ಚುಕ್ಕೆ ಅಷ್ಟು ಬೇಗ ಮುಚ್ಚಿದ್ದು ಅದರಿಂದ್ಲೇ. ಅತಿಯಾದ್ರೆ ಅಮೃತಾನೂ ವಿಷ. ಕ್ಲೋರಿನ್ನಿನ ಕೈಕಾಲೇ ಕಟ್ಟಿಹಾಕಿದೆ ನೋಡು, ಇನ್ನೆಷ್ಟು ಸುರಿದ್ರೂ ಪಾಚಿ ಸಾಯಲ್ಲ. ವಾರಕ್ಕೊಂದು ಅಂತ ಹೆನಾರೊ ಹೇಳಿರ್ಲಿಲ್ವಾ?"

"ಹೇಳಿದ್ರು."

ಏನಂತ ಬಿಡಿಸಿ ಹೇಳುವುದು? ಅವನು ಬಿಟ್ಟುಹೋದ ಕೆಲಸ ಅದೊಂದೇ. ಬಿಲ್ಲೆ ನೀರಿಗೆ ಬಿಡುವಾಗಲೆಲ್ಲ ಅವನ 'ಲಂಗಾ' ಕಿವಿಗೆ ಬಿದ್ದಂತಾಗುತ್ತಿತ್ತು. ಅದನ್ನು ವಾರಕ್ಕೊಮ್ಮೆ ಕೇಳಿದರೆ ಯಾರಿಗೆ ಸಾಕಾಗುತ್ತದೆ!

"ನೆನಪಾದಾಗೆಲ್ಲ ಹಾಕ್ದೆ, ನೋಂಗ್," ಅಂದಳು ಕೊನೆಗೆ.

ನಗಲು ಬಾಯಿ ತೆರೆದ ದಾದೊ ನಗಲಿಲ್ಲ. "ಮುಕ್ಕಾಲು ನೀರು ಆಚೆ ಹಾಕ್ಬೇಕು," ಅಂದ.

"ಭಾನುವಾರದೊಳಗೆ ಆಗುತ್ತಾ?"

"ಗೋಡೆ ನೀನು ಉಜ್ಜಿದ್ರೆ ಆಗುತ್ತೆ."

ಉಜ್ಜಿದಳು ನೋಡಿ, ರಟ್ಟೆ ಬೀಳುವ ಹಾಗೆ! ದಾದೊ ಹಳೇ ನೀರು ಹೊರಗೆ ಹಾಕಿ, ಬಾವಿಯಿಂದ ಹೊಸದು ತುಂಬಿಸಿ, ಬಿಸಿಲಿಳಿದ ಮೇಲೆ ದ್ರವದ ಕ್ಲೋರಿನ್ ಸುರಿದ. ಸೋಸುವ ಯಂತ್ರ ಒಂದು ಗಳಿಗೆಯೂ ನಿಲ್ಲಲಿಲ್ಲ. ಬುಧವಾರ ಹಸಿರು ಹೋಗಿ ಹಾಲು ಕಲಸಿದಂತಾಯಿತು. ಶುಕ್ರವಾರ ಮಧ್ಯಾಹ್ನ ತಳದ ಜಾಲರಿ ಕಂಡಿತು. ನೆನಿಟಾ ಚಿಕ್ಕ ಹುಡುಗಿಯಂತೆ ಚಪ್ಪಾಳೆ ತಟ್ಟಿದಳು. ಹೆನಾರೊಗೆ ಇಷ್ಟವಾದ ತೊಗರಿಕಾಳು, ಹಲಸು, ಹಂದಿಮಾಂಸದ ಸಾರನ್ನು ಎರಡು ದಿನ ಮೊದಲೇ ಮಾಡಿ ದಾದೊಗೆ ಬಡಿಸುತ್ತಿದ್ದಾಗ ಫೋನ್ ಬಂತು.

"ಲಂಗಾ, ನನ್ನ ಜಾಗಕ್ಕೆ ಬರ್ಬೇಕಾದವನು ಬರ್ಲೇ ಇಲ್ಲ. ಇನ್ನೆರಡು ತಿಂಗಳು." ನೆನಿಟಾ ಸೌಟು ಕೆಳಗಿಟ್ಟಳು. ಅವನೇ ಕೇಳಿದ, "ನೀರು ತಿಳಿಯಾಗಿದ್ಯಾ?"

"ತಳ ಕಾಣ್ತಿದೆ," ಅಂದಳು. ಅವಳಿಗೆ ನೀರೂ ಬೇಕಿರಲಿಲ್ಲ, ಕೊಳವೂ ಬೇಕಿರಲಿಲ್ಲ. ಅವನು ಬೇಕಿತ್ತು, ಅಷ್ಟೇ.

ಫೋನಿಟ್ಟವಳು ಸೀದಾ ಡಬ್ಬದ ಹತ್ತಿರ ಹೋದಳು. ದಾದೊ ತುತ್ತು ಬಿಟ್ಟು ಎದ್ದೇಬಿಟ್ಟ. "ನೆನಿ, ಬೇಡ!"

ಅವಳು ಎಂಟು ಬಿಲ್ಲೆಗಳನ್ನು ಬೇರೆ ಡಬ್ಬಿಗೆ ಹಾಕಿಕೊಂಡು ಉಳಿದಿದ್ದನ್ನೆಲ್ಲ ಅವನ ಮುಂದಿಟ್ಟಳು.

"ಎಂಟು ವಾರಕ್ಕೆ ಎಂಟು. ಮಿಕ್ಕಿದ್ದು ನೀವೇ ತಗೊಂಡ್ಹೋಗಿ, ನೋಂಗ್. ನನ್ನ ಕೈನ ನಂಬೋ ಹಾಗಿಲ್ಲ."

"ಹೆಚ್ಚುಕಮ್ಮಿ ಆದ್ರೆ ಇರ್ಲಿ, ಒಂಬತ್ತು ಇಟ್ಕೋ."

"ಅಯ್ಯಯ್ಯೋ, ಬೇಡ! ಒಂಬತ್ತನೇದು ಮನೇಲಿದ್ರೆ ಅವ್ರು ಇನ್ನೂ ಒಂದು ವಾರ ತಡ ಮಾಡ್ತಾರೆ."